ಗಣಕದ ಗಡಿನಾಡು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ, ಆಂಧ್ರದ ಎಲ್ಲೆಗೆ ಸಮೀಪವಾಗಿ, ಗೌನಿಪಲ್ಲಿ ಎಂಬ ಊರಿದೆ. ಮಾವಿನ ತೋಪುಗಳ ಸೀಮೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ಆ ಭಾಗದ ಬಹು ಮಂದಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಊರ ಹೆಸರಿನ ಕೊನೆಗಿರುವ 'ಪಲ್ಲಿ'ಯನ್ನು ಕಂಡು ಇದು ಅಪ್ಪಟ ತೆಲುಗು ಎಂದು ತೀರ್ಪು ಕೊಡುವವರುಂಟು. ಆದರೆ ನಮ್ಮ 'ಹಳ್ಳಿ'ಯೂ ಹಳಗನ್ನಡದಲ್ಲಿ 'ಪಳ್ಳಿ'ಯೇ ಆಗಿತ್ತು. ಪಕಾರವು ಹಕಾರವಾದದ್ದು ಆಮೇಲಿನ ಮಾತು. ಎಲ್ಲೆಯ ಆಚೆಗೂ ಈಚೆಗೂ ಸಲ್ಲುವ ಹೆಸರು ಅದು.

ಈ ನಾಡಿನ ಕಲ್ಲುಗಳೂ ಹಾಗೆಯೇ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಹತ್ತನೆಯ ಸಂಪುಟ ಪೂರ್ತಿಯಾಗಿ ಕೋಲಾರ ಜಿಲ್ಲೆಯ ಶಾಸನಗಳದು. ಅದನ್ನು ತಿರುವಿಹಾಕಿದರೆ ಕನ್ನಡ, ತಮಿಳು, ತೆಲುಗು, ಸಂಸ್ಕೃತ ನಾಲ್ಕೂ ಎದುರಾಗುತ್ತವೆ. ಚೋಳರ ಆಳ್ವಿಕೆ ಬಂದಾಗ ತಮಿಳು ಹೆಚ್ಚಿತು. ಅವರು ಹೋದ ಮೇಲೆ ಬೇರೆ ನುಡಿಗಳು ಮತ್ತೆ ತಲೆಯೆತ್ತಿದವು. ದಾನ ಕೊಟ್ಟವನಿಗೆ ತನ್ನ ಮಾತು ಕಲ್ಲಿನಲ್ಲಿ ನಿಂತರೆ ಸಾಲದು. ಅದನ್ನು ಓದಬೇಕಾದವನು ಓದಬೇಕು, ಮುಂದೆ ಬರುವವನೂ ಓದಬೇಕು. ಯಾವ ಭಾಷೆಯಲ್ಲಿ ಕೆತ್ತಿಸಲಿ ಎಂಬುದು ಅವನಿಗೆ ಆಸ್ತಿಯ ಪ್ರಶ್ನೆಯೇ ಆಗಿತ್ತು.

ಇಂದು ಗಣಕಯಂತ್ರಕ್ಕೆ ತಂತ್ರಾಂಶ ಬರೆಯಹೊರಟವನ ಮುಂದೆಯೂ ಇಂಥದೇ ಪ್ರಶ್ನೆ ಇದೆ. ಒಬ್ಬರ ಮೇಜಿನ ಮೇಲೆ ವಿಂಡೋಸ್, ಇನ್ನೊಬ್ಬರಲ್ಲಿ ಮ್ಯಾಕ್, ಮತ್ತೊಬ್ಬರಲ್ಲಿ ಲಿನಕ್ಸ್. ಒಮ್ಮೆ ಬರೆದದ್ದು ಮೂರರಲ್ಲೂ ನಡೆಯಬೇಕಾದರೆ ಯಾವ ಪ್ರೋಗ್ರಾಮಿಂಗ್ ಭಾಷೆಯನ್ನು ಹಿಡಿಯಬೇಕು? ಬಲ್ಲವರನ್ನು ಕೇಳಿದರೆ ತಲೆಗೊಂದು ಮಾತು. ಕನ್ನಡಿಗರ ಮಟ್ಟಿಗಂತೂ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ತಂತ್ರಾಂಶ ಎಲ್ಲ ಯಂತ್ರಗಳಲ್ಲಿ ನಡೆದರಷ್ಟೇ ಸಾಲದು. ಅದರೊಳಗೆ ನಾವು ತುಂಬಿಟ್ಟ ಕನ್ನಡವೂ ಎಲ್ಲ ಯಂತ್ರಗಳಲ್ಲಿ ಕನ್ನಡವಾಗಿಯೇ ಕಾಣಬೇಕು. ಇವೆರಡರಲ್ಲಿ ಯಾವುದನ್ನು ಮೊದಲು ನೋಡಿಕೊಳ್ಳಬೇಕು ಎಂಬುದಕ್ಕೆ ಕಳೆದ ಕೆಲವು ದಶಕಗಳ ಇತಿಹಾಸವೇ ಉತ್ತರ ಹೇಳುತ್ತದೆ.

ಒಂದೇ ಲೆಕ್ಕ, ಎರಡು ಯಂತ್ರ

ಮೊದಮೊದಲು ಒಂದೊಂದು ಗಣಕಕ್ಕೂ ಅದರದೇ ಆದ ಸಂಖ್ಯಾಭಾಷೆಯಲ್ಲಿ ಆಜ್ಞೆ ಕೊಡಬೇಕಾಗಿತ್ತು. ಯಂತ್ರ ಬದಲಾದರೆ ಬರೆದದ್ದೆಲ್ಲ ವ್ಯರ್ಥ. ೧೯೫೭ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ತಂದಾಗ ಮನುಷ್ಯನಿಗೆ ಅರ್ಥವಾಗುವ ಗಣಿತದ ಮಾದರಿಯಲ್ಲಿ ಆಜ್ಞೆ ಬರೆಯುವುದು ಸಾಧ್ಯವಾಯಿತು. ಆದರೆ ಅದು ಆರಂಭದಲ್ಲಿ ಐಬಿಎಂ ಸಂಸ್ಥೆಯ ೭೦೪ ಎಂಬ ಯಂತ್ರಕ್ಕಾಗಿಯೇ ಹುಟ್ಟಿದ ಭಾಷೆ.

ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಬೇರೆ ಬೇರೆ ಕಂಪನಿಗಳ ಯಂತ್ರಗಳಿದ್ದವು. ಒಂದೇ ಲೆಕ್ಕವನ್ನು ಯಂತ್ರಕ್ಕೊಮ್ಮೆ ಹೊಸದಾಗಿ ಬರೆಸುವ ಖರ್ಚು ತಡೆಯಲಾರದೆ, ೧೯೫೯ರಲ್ಲಿ ಎಲ್ಲರಿಗೂ ಸಾಮಾನ್ಯವಾದ ಒಂದು ಭಾಷೆಯನ್ನು ರೂಪಿಸಲು ಸಮಿತಿ ಕೂಡಿತು. ಗ್ರೇಸ್ ಹಾಪರ್ ಎಂಬ ಮಹಿಳೆ ಅದಕ್ಕೆ ಮುಂಚೆ ಮಾಡಿದ್ದ ಕೆಲಸವೇ ಅದಕ್ಕೆ ತಳಹದಿ. ಹೀಗೆ ಹುಟ್ಟಿದ್ದು ಕೋಬಾಲ್. ೧೯೬೦ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮನ್ನು ಆರ್‌ಸಿಎ ಕಂಪನಿಯ ಯಂತ್ರದಲ್ಲಿಯೂ ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಯೂನಿವ್ಯಾಕ್ ಯಂತ್ರದಲ್ಲಿಯೂ ನಡೆಸಿ ತೋರಿಸಿದರು. ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಬೇಕಾಯಿತು ಎಂಬುದು ದಿಟ. ಆ ಸಣ್ಣಪುಟ್ಟ ತಿದ್ದುಪಡಿಯ ಕಾಟ ಈ ದಿನದವರೆಗೂ ಪೂರ್ತಿಯಾಗಿ ತಪ್ಪಿಲ್ಲ.

೧೯೭೨ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಅವರು ರೂಪಿಸಿದ 'ಸಿ' ಭಾಷೆ ಇನ್ನೊಂದು ಹೆಜ್ಜೆ. ಮರುವರ್ಷ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನೇ ಆ ಭಾಷೆಯಲ್ಲಿ ಮತ್ತೆ ಬರೆದರು. ಹೊಸ ಯಂತ್ರ ಬಂದರೆ ಅದಕ್ಕೆ 'ಸಿ' ಭಾಷೆಯನ್ನು ಕಲಿಸಿದರಾಯಿತು, ಉಳಿದದ್ದರ ಬಹುಪಾಲು ತಾನಾಗಿ ಹಿಂಬಾಲಿಸುತ್ತಿತ್ತು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯದಲ್ಲಿ ಪ್ಯಾಸ್ಕಲ್ ಭಾಷೆಗೆ ಬೇರೊಂದು ಉಪಾಯ ಹೂಡಿದರು. ಎಲ್ಲೂ ಇಲ್ಲದ ಒಂದು ಕಾಲ್ಪನಿಕ ಯಂತ್ರವನ್ನು ಊಹಿಸಿಕೊಂಡು ಅದಕ್ಕೆ ಪ್ರೋಗ್ರಾಂ ಬರೆಯುವುದು. ನಿಜವಾದ ಪ್ರತಿಯೊಂದು ಯಂತ್ರದಲ್ಲಿಯೂ ಒಬ್ಬ ದುಭಾಷಿಯನ್ನು ಕೂರಿಸುವುದು. ಈ ದುಭಾಷಿಯ ಉಪಾಯವೇ ಮುಂದೆ ಜಾವಾ ಭಾಷೆಯಲ್ಲಿ ಲೋಕಪ್ರಸಿದ್ಧವಾಯಿತು.

ಕಿಟಕಿಗಳ ಕಾಲ

ಲೆಕ್ಕ ಮಾಡಿ ಉತ್ತರ ಹೇಳುವಷ್ಟರ ಮಟ್ಟಿಗೆ ಸಮಸ್ಯೆ ಬಗೆಹರಿದಂತೆ ಕಂಡಿತು. ಅಷ್ಟರಲ್ಲಿ ಗಣಕಕ್ಕೆ ಮುಖ ಬಂತು. ೧೯೮೪ರಲ್ಲಿ ಮ್ಯಾಕಿಂಟಾಷ್, ೧೯೮೫ರಲ್ಲಿ ವಿಂಡೋಸ್, ಯೂನಿಕ್ಸ್ ಯಂತ್ರಗಳಿಗೆ ಎಕ್ಸ್ ವಿಂಡೋ ಎಂಬ ಏರ್ಪಾಡು: ಪರದೆಯ ಮೇಲೆ ಕಿಟಕಿ, ಗುಂಡಿ, ಪಟ್ಟಿ, ಮೌಸಿನ ಬಾಣ. ಈ ಗುಂಡಿ ಕಿಟಕಿಗಳನ್ನು ಬಿಡಿಸುವ ಕ್ರಮ ಒಂದೊಂದು ವ್ಯವಸ್ಥೆಗೂ ಬೇರೆ. 'ಸಿ' ಭಾಷೆ ಮೂರು ಕಡೆಯೂ ಒಂದೇ. ಆದರೆ 'ಒಂದು ಗುಂಡಿ ತೋರಿಸು' ಎನ್ನುವುದಕ್ಕೆ ಮೂರು ಕಡೆ ಮೂರು ಮಾತು. ಭಾಷೆಯೊಂದು ಎಲ್ಲ ಕಡೆ ಸಲ್ಲುತ್ತದೆ ಎಂದ ಮಾತ್ರಕ್ಕೆ ಅದರಲ್ಲಿ ಬರೆದ ಡೆಸ್ಕ್‌ಟಾಪ್ ತಂತ್ರಾಂಶವೂ ಸಲ್ಲುತ್ತದೆ ಎನ್ನುವಂತಿಲ್ಲ ಎಂಬುದು ಆಗ ಸ್ಪಷ್ಟವಾಯಿತು.

ಇದಕ್ಕೆ ಮೂರು ದಾರಿ ಕಂಡುಕೊಂಡರು. ಆಯಾ ಯಂತ್ರದ ಗುಂಡಿ ಕಿಟಕಿಗಳನ್ನೇ ಬಳಸಿಕೊಂಡು ಮೇಲೆ ಸಮಾನವಾದ ಒಂದು ಹೊದಿಕೆ ಹಾಕುವುದು ಮೊದಲನೆಯದು. ೧೯೯೨ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಆರಂಭವಾದ, ಇಂದು ಡಬ್ಲ್ಯುಎಕ್ಸ್ ವಿಜೆಟ್ಸ್ ಎನ್ನುವ ಸಲಕರಣೆ ಈ ಜಾತಿಯದು. ೧೯೯೫ರಲ್ಲಿ ಸನ್ ಕಂಪನಿಯಿಂದ ಜೇಮ್ಸ್ ಗಾಸ್ಲಿಂಗ್ ಮುಂತಾದವರ ಜಾವಾ ಬಂದಾಗ ಅದೂ ಮೊದಲು ಈ ದಾರಿಯನ್ನೇ ಹಿಡಿದಿತ್ತು. ಇದರಲ್ಲಿ ಎಲ್ಲ ವ್ಯವಸ್ಥೆಗಳಲ್ಲೂ ಇರುವ ಸೌಕರ್ಯಗಳಿಗಷ್ಟೇ ತೃಪ್ತಿಪಡಬೇಕು. ನಾಲ್ವರ ಪಂಕ್ತಿಯಲ್ಲಿ ಒಬ್ಬರಿಗೆ ಆಗದ್ದನ್ನು ಯಾರಿಗೂ ಬಡಿಸದ ಹಾಗೆ.

ಯಂತ್ರದ ಗುಂಡಿಗಳನ್ನು ನಂಬದೆ ಎಲ್ಲವನ್ನೂ ತಾನೇ ಬಿಡಿಸಿಕೊಳ್ಳುವುದು ಎರಡನೆಯ ದಾರಿ. ನಾರ್ವೆಯ ಇಬ್ಬರು ತರುಣರು ರಚಿಸಿ ೧೯೯೫ರಲ್ಲಿ ಹೊರತಂದ 'ಕ್ಯೂಟಿ', ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಿಂದ ಹುಟ್ಟಿದ ಜಿಟಿಕೆ, ೧೯೯೮ರಲ್ಲಿ ಜಾವಾಕ್ಕೆ ಸೇರಿದ 'ಸ್ವಿಂಗ್', ಎಲ್ಲವೂ ಈ ದಾರಿಯವು. ಬ್ರೌಸರನ್ನೇ ಪೂರ್ತಿಯಾಗಿ ತಂತ್ರಾಂಶದೊಳಗೆ ತುಂಬಿ, ಜಾವಾಸ್ಕ್ರಿಪ್ಟಿನಲ್ಲಿ ಬರೆಯುವುದು ಮೂರನೆಯದು. ೨೦೧೩ರಲ್ಲಿ ಗಿಟ್‌ಹಬ್ ಸಂಸ್ಥೆಯಿಂದ ಬಂದ ಎಲೆಕ್ಟ್ರಾನ್ ಈ ಬಗೆಯದು. ಕೆಲಸ ಬೇಗ ಆಗುತ್ತದೆ. ಆದರೆ ಒಂದು ಪುಟ್ಟ ಟಿಪ್ಪಣಿ ಪುಸ್ತಕಕ್ಕೂ ಇಡೀ ಬ್ರೌಸರಿನ ಭಾರ. ಪಕ್ಕದ ಊರಿಗೆ ಹೋಗುವುದಕ್ಕೆ ಮನೆಯ ಸಾಮಾನನ್ನೆಲ್ಲ ಗಾಡಿಗೆ ಏರಿಸಿದಂತೆ.

ಜಾವಾದವರು 'ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ನಡೆಸಿರಿ' ಎಂದು ಸಾರಿದರು. 'ಒಮ್ಮೆ ಬರೆಯಿರಿ, ಎಲ್ಲೆಲ್ಲೂ ತಿದ್ದಿರಿ' ಎಂದು ಬಳಸಿದವರು ನಕ್ಕರು. ಇಂಗ್ಲಿಷಿನವರಿಗೆ ಈ ಕಥೆ ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ. ನಮಗೆ ಹಾಗಲ್ಲ. ಎಲ್ಲವನ್ನೂ ತಾನೇ ಬಿಡಿಸಿಕೊಳ್ಳುವ ಸಲಕರಣೆ ಅಕ್ಷರಗಳನ್ನೂ ತಾನೇ ಬಿಡಿಸಬೇಕಲ್ಲವೆ? ಅದಕ್ಕೆ ನಮ್ಮ ಒತ್ತಕ್ಷರ ಗೊತ್ತಿದೆಯೆ ಎಂಬುದನ್ನು ಯಾರೂ ಮೊದಲು ಕೇಳಿರಲಿಲ್ಲ.

ಕನ್ನಡದ ಪಾಡು

ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಆಕಾರ. ಸಾಲಾಗಿ ಜೋಡಿಸಿದರೆ ಮುಗಿಯಿತು. ನಮ್ಮ 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ನೋಡಿ. ಸಕಾರ, ಹಲಂತ, ತಕಾರ, ಮತ್ತೆ ಹಲಂತ, ರಕಾರ, ದೀರ್ಘ ಈಕಾರದ ಚಿಹ್ನೆ, ಹೀಗೆ ಆರು ಅಂಶ ಕೂಡಿ ಒಂದು ರೂಪವಾಗಬೇಕು. 'ಧರ್ಮ' ಎನ್ನುವಾಗ ರಕಾರ ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಕೊನೆಗೆ. ಈ ಕೂಡಿಸುವ ಕೆಲಸವನ್ನು ಮಾಡುವವರು ಯಾರು? ೧೯೮೦, ೧೯೯೦ರ ದಶಕಗಳ ಮೇಜಿನ ಗಣಕಗಳಿಗೆ ಅದು ತಿಳಿಯದು. ಪ್ರೋಗ್ರಾಮಿಂಗ್ ಭಾಷೆಗಳಿಗೂ ತಿಳಿಯದು.

ನಮ್ಮ ತಜ್ಞರು ಕೈಕಟ್ಟಿ ಕೂರಲಿಲ್ಲ. ಕನ್ನಡದ ಆಕಾರಗಳನ್ನು ತುಂಡುಮಾಡಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ಗಣಕ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆ ಎಂದುಕೊಂಡಿರುತ್ತದೆ, ನೋಡುವವರಿಗೆ ಕನ್ನಡ ಕಾಣುತ್ತದೆ. ಕೆ. ಪಿ. ರಾವ್ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ತಂತ್ರಾಂಶವನ್ನು ರಚಿಸಿದರು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಸರ್ಕಾರದ ಶಿಷ್ಟ ವಿನ್ಯಾಸಕ್ಕೆ ಆಧಾರವಾಯಿತು. ಮುದ್ರಣಾಲಯಗಳಿಗೆ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದವು ಬಂದವು. ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದು, ಪರದೇಶದಲ್ಲಿ ಕುಳಿತ ಕನ್ನಡಿಗನೂ ತಾಯಿಗೆ ಕನ್ನಡದಲ್ಲಿ ಕಾಗದ ಬರೆಯುವಂತಾಯಿತು. ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ'ಯನ್ನು ಸರ್ಕಾರ ಉಚಿತವಾಗಿ ಹಂಚಿತು. ಕಚೇರಿಗಳ ಕನ್ನಡ ಅದರಲ್ಲಿ ಬೆಳೆಯಿತು. ಇವರೆಲ್ಲರ ಋಣ ದೊಡ್ಡದು. ಅವರು ತಾಳ್ಮೆಯಿಂದ ಮಾಡದಿದ್ದರೆ ಕನ್ನಡ ಆ ಹತ್ತು ಹದಿನೈದು ವರ್ಷ ಗಣಕದ ಹೊರಗೇ ನಿಲ್ಲಬೇಕಾಗಿತ್ತು.

ತೊಡಕು ಎರಡು. ಒಂದನೆಯದು, ಯಾವ ತುಂಡು ಯಾವ ಮನೆಯಲ್ಲಿ ಎಂಬ ಪಟ್ಟಿ ತಂತ್ರಾಂಶಕ್ಕೊಂದು. ಒಂದರಲ್ಲಿ ಬರೆದದ್ದು ಇನ್ನೊಂದರ ಅಕ್ಷರಮಾದರಿಯಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಸರ್ಕಾರ ಒಂದು ಪಟ್ಟಿಯನ್ನು ಶಿಷ್ಟವೆಂದು ಗೊತ್ತುಮಾಡಿದ್ದರಿಂದ ಕಚೇರಿಗಳ ಮಟ್ಟಿಗೆ ಈ ಗೊಂದಲ ಕಡಿಮೆಯಾಯಿತು. ಹೊರಗೆ ಹಾಗೇ ಉಳಿಯಿತು. ಎರಡನೆಯದು, 'ಬರಹ' 'ನುಡಿ'ಗಳಂಥ ತಂತ್ರಾಂಶಗಳು ಆಗ ಹುಟ್ಟಿದ್ದು ವಿಂಡೋಸ್ ಗಣಕಗಳಿಗಾಗಿ. ಊರೆಲ್ಲ ವಿಂಡೋಸ್ ಇದ್ದಾಗ ಅದು ತಪ್ಪೆನ್ನುವಂತಿಲ್ಲ. ಆದರೆ ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿ, ಮ್ಯಾಕ್ ಇಟ್ಟುಕೊಂಡ ಮುದ್ರಕ ಬಾಗಿಲ ಹೊರಗೆ ನಿಂತರು.

ಇದು ಕೇವಲ ಅನುಕೂಲದ ಮಾತೆನ್ನುವವರು 'ಭೂಮಿ' ಯೋಜನೆಯನ್ನು ನೆನೆಯಬೇಕು. ಅದಕ್ಕೆ ಮುಂಚೆ ಪಹಣಿ ಎಂದರೆ ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕ. ೨೦೦೦ನೆಯ ಇಸವಿಯ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿ ದಾಖಲೆಗಳು ತಾಲೂಕು ಕಚೇರಿಗಳ ಗಣಕಗಳಿಗೆ ಏರಿದವು. ಗೌನಿಪಲ್ಲಿಯ ರೈತ ಶ್ರೀನಿವಾಸಪುರಕ್ಕೆ ಹೋಗಿ ೧೫ ರೂಪಾಯಿ ಕೊಟ್ಟರೆ ತನ್ನ ಹೊಲದ ಪಹಣಿ ಅಚ್ಚಾಗಿ ಕೈಗೆ ಬರುವ ಕಾಲ ಬಂತು. ಯಾರ ಹೆಸರು, ಎಷ್ಟು ಗುಂಟೆ, ಯಾವ ಸಾಲ ಎಂಬುದೆಲ್ಲ ಕನ್ನಡದಲ್ಲಿ. ಅಂಥ ದಾಖಲೆಯನ್ನು ಮುಂದಿನ ಯಂತ್ರ ಓದಲಾರದೆ ಹೋದರೆ ಕಳೆಯುವುದು ಒಂದು ತಂತ್ರಾಂಶವಲ್ಲ, ಹೊಲದ ಮೇಲಿನ ಹಕ್ಕಿಗೆ ಸಾಕ್ಷಿ.

ಆ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಕಚೇರಿ ಅಂಗಡಿಗಳ ತಂತ್ರಾಂಶಕ್ಕೆ ಬಳಸುತ್ತಿದ್ದುದು ಮೈಕ್ರೋಸಾಫ್ಟಿನ ವಿಷುಯಲ್ ಬೇಸಿಕ್. ಅದು ಕಲಿಯಲು ಸುಲಭ, ಗುಂಡಿ ಕಿಟಕಿಗಳನ್ನು ಎಳೆದು ಕೂರಿಸಿದರೆ ಮುಗಿಯಿತು. ೧೯೯೮ರಲ್ಲಿ ಅದರ ಆರನೆಯ ಆವೃತ್ತಿ ಬಂತು. ೨೦೦೨ರಲ್ಲಿ ಕಂಪನಿ ಹೊರತಂದ ಹೊಸ ವಿಷುಯಲ್ ಬೇಸಿಕ್‌ನಲ್ಲಿ ಹಳೆಯದು ಇದ್ದ ಹಾಗೇ ನಡೆಯಲಿಲ್ಲ. ೨೦೦೮ರಲ್ಲಿ ಹಳೆಯ ಬರವಣಿಗೆಯ ಸಲಕರಣೆಗೆ ಕೊಡುತ್ತಿದ್ದ ಬೆಂಬಲವೂ ನಿಂತಿತು. ಬೋರ್ಲೆಂಡ್ ಕಂಪನಿ ೨೦೦೧ರಲ್ಲಿ ತನ್ನ ಡೆಲ್ಫಿಯನ್ನು ಕೈಲಿಕ್ಸ್ ಎಂಬ ಹೆಸರಿನಿಂದ ಲಿನಕ್ಸಿಗೆ ತಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಒಡೆಯ ಒಬ್ಬನೇ ಆದ ಭಾಷೆಯ ಆಯುಸ್ಸು ಆ ಒಡೆಯನ ಲಾಭನಷ್ಟವನ್ನು ಅವಲಂಬಿಸಿರುತ್ತದೆ.

ಪಕ್ಕದ ಮನೆಯ ಲಿಪಿ

ಇದರ ನಡುವೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಆಕಾರಗಳನ್ನು ಬಿಟ್ಟು ಅಕ್ಷರಗಳಿಗೇ ಸಂಖ್ಯೆ ಕೊಡುವ ಕೆಲಸ. ಭಾರತದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಕ್ರಮದವಾದ್ದರಿಂದ ಅವೆಲ್ಲಕ್ಕೂ ಸಮಾನವಾದ ಸಂಕೇತಪಟ್ಟಿಯೊಂದನ್ನು ೧೯೮೮ರಲ್ಲಿ ರೂಪಿಸಿ, ೧೯೯೧ರಲ್ಲಿ ಭಾರತೀಯ ಮಾನಕ ಸಂಸ್ಥೆ ಅಂಗೀಕರಿಸಿತು, ಅದೇ 'ಇಸ್ಕಿ'. ಅದರಲ್ಲಿ ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ಒಂದೇ ಸಂಖ್ಯೆ. ಅದೇ ೧೯೯೧ರಲ್ಲಿ ಬಂದ ಯೂನಿಕೋಡ್ ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಮನೆ ಕೊಡಲು ಹೊರಟಿತು. ನಮ್ಮ ಲಿಪಿಗಳ ಮಟ್ಟಿಗೆ ಇಸ್ಕಿಯ ಕ್ರಮವನ್ನೇ ಅನುಸರಿಸಿತು. ಅಲ್ಲಿ ತೆಲುಗಿಗೆ ೧೨೮ ಮನೆಗಳ ಒಂದು ಬೀದಿ, ಅದನ್ನು ದಾಟಿದೊಡನೆ ಕನ್ನಡಕ್ಕೆ ೧೨೮ ಮನೆಗಳ ಬೀದಿ. ತೆಲುಗಿನ ಕಕಾರ ೩೦೯೩, ಕನ್ನಡದ ಕಕಾರ ೩೨೨೧; ಯಾವ ವ್ಯಂಜನವನ್ನು ತೆಗೆದುಕೊಂಡರೂ ವ್ಯತ್ಯಾಸ ಅಷ್ಟೇ, ೧೨೮. ಹದಿಮೂರನೆಯ ಶತಮಾನದ ಸುಮಾರಿನವರೆಗೆ ಒಂದೇ ಲಿಪಿಯಾಗಿದ್ದು ಆಮೇಲೆ ಕವಲೊಡೆದ ಈ ಎರಡು ನುಡಿಗಳು, ಮುದ್ರಣಯಂತ್ರ ಬಂದ ಮೇಲೆ ಇನ್ನಷ್ಟು ಬೇರೆಯಾಗಿ, ಕೊನೆಗೆ ಗಣಕದೊಳಗೂ ಗೋಡೆಗೆ ಗೋಡೆ ತಾಗಿಸಿಕೊಂಡು ನೆಲಸಿದವು. ಕೋಲಾರದ ಗಡಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಸಂಖ್ಯೆ ಸಿಕ್ಕ ಮೇಲೆ ಕೂಡಿಸುವ ಕೆಲಸವನ್ನು ಯಂತ್ರದ ವ್ಯವಸ್ಥೆಯೇ ವಹಿಸಿಕೊಳ್ಳತೊಡಗಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಅಕ್ಷರಮಾದರಿ ಬಂತು. ೨೦೦೨ರಲ್ಲಿ ಜಿಟಿಕೆಯ ಎರಡನೆಯ ಆವೃತ್ತಿ 'ಪ್ಯಾಂಗೊ' ಎಂಬ ಅಕ್ಷರ ಜೋಡಣೆಯ ಏರ್ಪಾಡನ್ನು ತಂದಿತು. ಮುಂದೆ ಬೆಳೆದ 'ಹಾರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶ ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ನಮ್ಮ ಒತ್ತಕ್ಷರಗಳನ್ನು ಜೋಡಿಸುತ್ತದೆ. ೨೦೧೭ರಲ್ಲಿ ಜಾವಾವೂ ಅದನ್ನೇ ತೆಗೆದುಕೊಂಡಿತು. ೨೦೧೨ರಲ್ಲಿ ಕರ್ನಾಟಕ ಸರ್ಕಾರ ಯೂನಿಕೋಡನ್ನು ಶಿಷ್ಟವೆಂದು ಒಪ್ಪಿತು. 'ನುಡಿ'ಯೂ 'ಬರಹ'ವೂ ಯೂನಿಕೋಡಿನಲ್ಲಿ ಬರೆಯುವ ಸೌಕರ್ಯವನ್ನು ಸೇರಿಸಿಕೊಂಡವು. ಹಳೆಯ ಸಂಕೇತಗಳಲ್ಲಿ ಉಳಿದ ಕಡತ, ಪುಸ್ತಕ, ಪತ್ರಿಕೆಗಳನ್ನು ಪರಿವರ್ತಿಸುವ ಶ್ರಮ ಮಾತ್ರ ಇನ್ನೂ ಮುಗಿದಿಲ್ಲ.

ಹಾಗಾದರೆ ಯಾವ ಭಾಷೆ?

ಶ್ರೀನಿವಾಸಪುರದ ಮಾವಿನ ಮಂಡಿಯೊಂದಕ್ಕೆ ಲೆಕ್ಕದ ತಂತ್ರಾಂಶ ಬೇಕೆನ್ನೋಣ. ಮಂಡಿಯಲ್ಲಿ ಹಳೆಯ ವಿಂಡೋಸ್ ಯಂತ್ರ, ಲೆಕ್ಕಪತ್ರ ನೋಡುವವರಲ್ಲಿ ಮ್ಯಾಕ್, ಬೆಂಗಳೂರಿನಲ್ಲಿ ಓದುವ ಮಗನಲ್ಲಿ ಲಿನಕ್ಸ್. ರೈತರ ಹೆಸರು ಕನ್ನಡದಲ್ಲಿ, ಎಲ್ಲೆಯಾಚೆಯಿಂದ ಹಣ್ಣು ತರುವವರ ಹೆಸರು ತೆಲುಗಿನಲ್ಲಿ. ಬರೆಯುವವನು ಯಾವ ಭಾಷೆ ಹಿಡಿಯಬೇಕು?

ಮೊದಲು ಅವನು ಭಾಷೆಯ ವಿಚಾರ ಬಿಟ್ಟು ಲೆಕ್ಕವನ್ನು ಎಲ್ಲಿಡುವುದು ಎಂದು ಕೇಳಿಕೊಳ್ಳಲಿ. ಅದು ಯೂನಿಕೋಡಿನಲ್ಲಿ, ಬೇರೆ ತಂತ್ರಾಂಶವೂ ತೆರೆಯಬಹುದಾದ ಕಡತದಲ್ಲಿ ಇರಬೇಕು. ಎರಡನೆಯದಾಗಿ, ಲೆಕ್ಕ ಮಾಡುವ ಭಾಗವನ್ನೂ ಕಿಟಕಿ ತೋರಿಸುವ ಭಾಗವನ್ನೂ ಬೇರೆ ಬೇರೆ ಇಡಬೇಕು. ಮುಖ ಹಳತಾದಾಗ ಮುಖವನ್ನಷ್ಟೇ ಬದಲಾಯಿಸಬಹುದು. ಇವೆರಡಾದ ಮೇಲೆ ಪರೀಕ್ಷೆ ಸುಲಭ. ಆರಿಸಿಕೊಂಡ ಸಲಕರಣೆಯಲ್ಲಿ ಒಂದು ಪುಟ್ಟ ಕಿಟಕಿ ಮಾಡಿ 'ಸ್ತ್ರೀ', 'ಧರ್ಮ', 'ಶ್ರೀನಿವಾಸಪುರ' ಎಂದು ಮೂರು ಯಂತ್ರಗಳಲ್ಲೂ ಬರೆದು ನೋಡಬೇಕು. ಒತ್ತು ಸರಿಯಾಗಿ ಕೂತಿತೆ? ಅಳಿಸುವ ಕೀಲಿ ಒತ್ತಿದರೆ ಏನು ಹೋಗುತ್ತದೆ? ಹೆಸರುಗಳು ಅಕಾರಾದಿಯಲ್ಲಿ ಬರುತ್ತವೆಯೆ? ಈ ಪರೀಕ್ಷೆಯಲ್ಲಿ ತಪ್ಪಿದ್ದನ್ನು ಅದೆಷ್ಟೇ ಹೆಸರುವಾಸಿಯಾದರೂ ಬಿಡಬೇಕು.

ಉಳಿದದ್ದು ಬರೆಯುವವನ ಕೈವಾಡ. ಸಿ++ ಭಾಷೆಯೊಡನೆ ಕ್ಯೂಟಿ ವೇಗವಾದದ್ದು, ಕಲಿಯಲು ಕಷ್ಟ. ಅದೇ ಕ್ಯೂಟಿಯನ್ನು ಪೈಥಾನ್ ಭಾಷೆಯಿಂದ ನಡೆಸಿದರೆ ಬರೆಯುವುದು ಹಗುರ; ಆದರೆ ಮಂಡಿಯ ಯಂತ್ರಕ್ಕೆ ಕೊಂಡೊಯ್ದು ಕೂರಿಸುವುದು ಸ್ವಲ್ಪ ರಗಳೆ. ಜಾವಾ ವಯಸ್ಸಾದರೂ ಗಟ್ಟಿ ಆಳು. ಪ್ಯಾಸ್ಕಲ್ ಪ್ರೀತಿಸುವವರಿಗೆ ಲಜಾರಸ್ ಎಂಬ ಮುಕ್ತ ಸಲಕರಣೆ ಇದೆ. ಎಲೆಕ್ಟ್ರಾನ್ ಕನ್ನಡವನ್ನು ಬ್ರೌಸರಿನಷ್ಟೇ ಚೆನ್ನಾಗಿ ತೋರಿಸುತ್ತದೆ, ಹಳೆಯ ಯಂತ್ರವನ್ನು ಏದುಸಿರು ಬಿಡಿಸುತ್ತದೆ. ಮಂಡಿಯಂಥ ಕೆಲಸಕ್ಕೆ ನನ್ನನ್ನು ಕೇಳಿದರೆ ಪೈಥಾನ್ ಮತ್ತು ಕ್ಯೂಟಿಯ ಜೋಡಿಯನ್ನು ಹೇಳುತ್ತೇನೆ: ಎರಡೂ ಒಬ್ಬ ವ್ಯಾಪಾರಿಯ ಮುಷ್ಟಿಯಲ್ಲಿಲ್ಲ, ಮೂಲ ಬರವಣಿಗೆ ಎಲ್ಲರಿಗೂ ತೆರೆದಿದೆ, ಬರೆದವನು ಊರು ಬಿಟ್ಟರೂ ಇನ್ನೊಬ್ಬ ತರುಣ ಓದಿ ಮುಂದುವರಿಸಬಹುದು. ಜಾವಾ ಬಲ್ಲವನು ಜಾವಾದಲ್ಲಿ ಬರೆದರೂ ನನಗೆ ಜಗಳವಿಲ್ಲ.

ಭಾಷೆಗಳು ಬರುತ್ತವೆ, ಹೋಗುತ್ತವೆ. ಕೋಬಾಲಿನಿಂದ ಇಲ್ಲಿಯವರೆಗಿನ ಕಥೆ ಅದನ್ನು ಸಾಕಷ್ಟು ತೋರಿಸಿದೆ. ಇಂದು ಬರೆದ ತಂತ್ರಾಂಶವನ್ನು ಇನ್ನು ಇಪ್ಪತ್ತು ವರ್ಷಕ್ಕೆ ಯಾರೂ ಬಳಸದೆ ಇರಬಹುದು. ಅದರೊಳಗೆ ಬರೆದಿಟ್ಟ ರೈತನ ಹೆಸರು, ಅವನಿಗೆ ಸಲ್ಲಬೇಕಾದ ಬಾಕಿ, ಅವನ ಹೊಲದ ಅಳತೆ ಆಗಲೂ ಓದಿಗೆ ಸಿಕ್ಕಬೇಕು. ಕೋಲಾರದ ಕಲ್ಲುಗಳನ್ನು ಕೆತ್ತಿಸಿದವರು ಇಷ್ಟರ ಎಚ್ಚರವನ್ನು ಇಟ್ಟುಕೊಂಡಿದ್ದರು. ಗಣಕದಲ್ಲಿ ಬರೆಯುವವರೂ ಇಟ್ಟುಕೊಳ್ಳುವುದು ಒಳ್ಳೆಯದು.